ನೀತಿಯ ಬಾಳು ಮತ್ತು ಅದರ ಅಳಿಯದ ಫಲ
ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಕ್ರೈಸ್ತ ಬದುಕನ್ನು ಮುಂದಿಟ್ಟುಕೊಂಡ ವಿವೇಚನೆ



ನೀತಿಯಿಂದ ಬಾಳಿದವನಿಗೆ ಕೊನೆಗೆ ದೊರೆಯುವುದೇನು ಎಂಬ ಪ್ರಶ್ನೆಯನ್ನು ಕೇಳದ ಧರ್ಮವಿಲ್ಲ. ಆ ಪ್ರಶ್ನೆಗೆ ಕೊಡುವ ಉತ್ತರದಿಂದಲೇ ಒಂದು ಧರ್ಮವು ದೇವರನ್ನೂ ಮನುಷ್ಯನನ್ನೂ ಹೇಗೆ ಕಾಣುತ್ತದೆ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಕ್ರೈಸ್ತ ಧರ್ಮವು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರವನ್ನು ಶ್ರೀಗ್ರಂಥದ ಆಧಾರದಲ್ಲಿ ಪರಿಶೀಲಿಸಿ, ಆ ಉತ್ತರದ ಸುತ್ತ ಶತಮಾನಗಳಿಂದ ನಡೆದ ವಾದವನ್ನು ಸ್ಥೂಲವಾಗಿ ನಿರೂಪಿಸಿ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕ್ರೈಸ್ತ ಜನಜೀವನದಲ್ಲಿ ಅದು ಯಾವ ರೂಪ ತಾಳಿದೆ ಎಂಬುದನ್ನು ನೋಡುವುದು ಈ ಉಪನ್ಯಾಸದ ಉದ್ದೇಶ. ಇಲ್ಲಿ ಪ್ರತಿಪಾದಿಸಲಾಗುವ ವಿಚಾರವನ್ನು ಆರಂಭದಲ್ಲಿಯೇ ಹೇಳುವುದಾದರೆ ಅದು ಇಷ್ಟು: ಕ್ರೈಸ್ತ ವಿಶ್ವಾಸದಲ್ಲಿ ನೀತಿಯ ಫಲವು ದೇವರ ಕೊಡುಗೆಯಾಗಿರುವುದರಿಂದ ಅದನ್ನು ಕೂಡಿಡಲು ಬರುವುದಿಲ್ಲ, ಹಂಚಿಕೊಳ್ಳಲು ಮಾತ್ರ ಬರುತ್ತದೆ, ಹಂಚಿಕೊಂಡಷ್ಟು ಕಾಲವೂ ಅದು ಅಳಿಯದೆ ಉಳಿಯುತ್ತದೆ.

೧. ನೀತಿ ಎಂದರೇನು

ಲೌಕಿಕ ವ್ಯವಹಾರದಲ್ಲಿ ನೀತಿವಂತನೆಂದರೆ ಕಳವು, ಸುಳ್ಳು, ವಂಚನೆಗಳಿಂದ ದೂರವಿರುವವನು ಎಂಬ ಅರ್ಥವಷ್ಟೇ ರೂಢಿಯಲ್ಲಿದೆ. ಹೀಬ್ರೂ ಧರ್ಮಗ್ರಂಥಗಳಲ್ಲಿ ಬರುವ ನೀತಿಯ ಕಲ್ಪನೆ ಇದಕ್ಕಿಂತ ವಿಶಾಲವಾದದ್ದು. ದೇವರೊಂದಿಗೆ ಮಾಡಿಕೊಂಡ ಒಡಂಬಡಿಕೆಗೆ ತಕ್ಕಂತೆ ನಡೆಯುವುದು, ಆ ಒಡಂಬಡಿಕೆಯಲ್ಲಿ ತನ್ನ ಜೊತೆಗಿರುವ ವಿಧವೆ, ಅನಾಥ, ಪರದೇಶಿ ಮತ್ತು ಕೂಲಿಯಾಳುಗಳ ಹಕ್ಕನ್ನು ಕಾಪಾಡುವುದು, ಅಳತೆ ತೂಕಗಳಲ್ಲಿ ಮೋಸ ಮಾಡದಿರುವುದು, ದುಡಿದವನ ಕೂಲಿಯನ್ನು ಸಂಜೆಯೊಳಗೆ ಕೊಟ್ಟುಬಿಡುವುದು ಇವೆಲ್ಲವೂ ಅದರಲ್ಲಿ ಸೇರಿವೆ. ಆದುದರಿಂದ ನೀತಿಯು ಒಬ್ಬನ ಅಂತರಂಗದ ಶುದ್ಧಿಯಷ್ಟೇ ಆಗಿರದೆ, ಅವನಿಗೂ ದೇವರಿಗೂ, ಅವನಿಗೂ ನೆರೆಯವರಿಗೂ ಇರುವ ಸಂಬಂಧದ ಸರಿತನವಾಗಿದೆ. ಆಮೋಸ, ಯೆಶಾಯ, ಮೀಕ ಮೊದಲಾದ ಪ್ರವಾದಿಗಳು ಬಡವರನ್ನು ಹಿಂಡಿ ಅರ್ಪಿಸಿದ ಬಲಿಗಳನ್ನು ದೇವರು ಮೆಚ್ಚುವುದಿಲ್ಲವೆಂದು ಸಾರಿದುದು ಈ ಕಾರಣದಿಂದಲೇ.

ನೀತಿಯು ಸಂಬಂಧವಾಗಿರುವಾಗ ಅದರ ಫಲವೂ ಸಂಬಂಧದ ಸ್ವರೂಪದ್ದೇ ಆಗಿರಬೇಕಾಗುತ್ತದೆ. ಗೆಳೆತನಕ್ಕೆ ದೊರೆಯುವ ಅತಿ ದೊಡ್ಡ ಪ್ರತಿಫಲ ಗೆಳೆತನವೇ ಆಗಿರುವಂತೆ, ದೇವರೊಡನೆ ಸರಿಯಾದ ಸಂಬಂಧದಲ್ಲಿ ಬಾಳಿದವನಿಗೆ ದೊರೆಯುವ ಅತಿ ದೊಡ್ಡ ಪ್ರತಿಫಲ ದೇವರೇ ಎಂಬುದು ಕ್ರೈಸ್ತ ಚಿಂತನೆಯ ಮೂಲ ನಿಲುವು. ಸ್ವರ್ಗ, ಅಮರ ಜೀವ, ನೀತಿಯ ಕಿರೀಟ ಮುಂತಾದ ಪದಗಳೆಲ್ಲ ಈ ಒಂದು ಸತ್ಯವನ್ನು ಬೇರೆ ಬೇರೆ ಚಿತ್ರಗಳ ಮೂಲಕ ಹೇಳುತ್ತವೆ.

೨. ಶ್ರೀಗ್ರಂಥದಲ್ಲಿ ಪ್ರತಿಫಲದ ಕಲ್ಪನೆ

ಶ್ರೀಗ್ರಂಥದಲ್ಲಿ ಪ್ರತಿಫಲದ ಕುರಿತು ಒಂದೇ ಧಾಟಿಯ ಮಾತಿಲ್ಲ. ಕೀರ್ತನೆಗಳ ಗ್ರಂಥದ ಮೊದಲ ಕೀರ್ತನೆಯು ನೀತಿವಂತನ ಬದುಕು ಫಲಿಸುತ್ತದೆ, ದುರುಳನ ಬದುಕು ನಿಲ್ಲುವುದಿಲ್ಲ ಎಂದು ನಿಸ್ಸಂದೇಹವಾಗಿ ಹೇಳುತ್ತದೆ. ಜ್ಞಾನೋಕ್ತಿಗಳ ಗ್ರಂಥವೂ ಹೆಚ್ಚುಕಡಿಮೆ ಅದೇ ನಂಬಿಕೆಯನ್ನು ವ್ಯಕ್ತಪಡಿಸುತ್ತದೆ. ಆದರೆ ಎಪ್ಪತ್ತಮೂರನೆಯ ಕೀರ್ತನೆಯ ಭಕ್ತನು ದುಷ್ಟರ ಏಳಿಗೆಯನ್ನು ಕಣ್ಣಾರೆ ಕಂಡು, ತಾನು ಶುದ್ಧನಾಗಿ ಬಾಳಿದ್ದು ವ್ಯರ್ಥವಾಯಿತೇ ಎಂದು ತಳಮಳಿಸಿ, ಕೊನೆಗೆ ದೇವರ ಸಾಮೀಪ್ಯವೇ ತನಗೆ ಸಾಕಾದ ಸಂಪತ್ತು ಎಂಬ ನಿಲುವಿಗೆ ಬರುತ್ತಾನೆ. ಯೋಬನ ಗ್ರಂಥವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಷ್ಟಪಡುವವನು ಪಾಪಿಯಾಗಿರಲೇಬೇಕು ಎಂದು ವಾದಿಸಿದ ಗೆಳೆಯರನ್ನು ದೇವರೇ ಖಂಡಿಸಿದುದನ್ನು ದಾಖಲಿಸುತ್ತದೆ. ಹೀಗಾಗಿ ಐಶ್ವರ್ಯವನ್ನು ನೀತಿಯ ಗುರುತೆಂದೂ ಬಡತನವನ್ನು ಪಾಪದ ಗುರುತೆಂದೂ ಓದುವ ದಾರಿಯನ್ನು ಶ್ರೀಗ್ರಂಥವೇ ಮುಚ್ಚಿದೆ.

ಹೊಸ ಒಡಂಬಡಿಕೆಯಲ್ಲಿ ಈ ವಿಚಾರ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಮತ್ತಾಯನ ಶುಭಸಂದೇಶದ ಐದರಿಂದ ಏಳನೆಯ ಅಧ್ಯಾಯದವರೆಗೆ ಬರುವ ಪರ್ವತ ಪ್ರಸಂಗದ ಆರಂಭದಲ್ಲಿ ಅಷ್ಟಭಾಗ್ಯಗಳಿವೆ. ದೀನರು, ದುಃಖಿತರು, ನೀತಿಗಾಗಿ ಹಸಿದವರು, ದಯಾವಂತರು, ಶಾಂತಿಯನ್ನು ನೆಲೆಗೊಳಿಸುವವರು ಮೊದಲಾದವರನ್ನು ಭಾಗ್ಯವಂತರೆಂದು ಕರೆಯುವ ಎಂಟು ಘೋಷಣೆಗಳಿಗೆ ಈ ಹೆಸರು. ಈ ಎಂಟರಲ್ಲಿ ಮೊದಲನೆಯದೂ ಕೊನೆಯದೂ ಸ್ವರ್ಗಸಾಮ್ರಾಜ್ಯವು ಈಗಾಗಲೇ ಅವರದು ಎಂದು ವರ್ತಮಾನದಲ್ಲಿ ಹೇಳಿದರೆ, ನಡುವಿನವು ಮುಂದೆ ಬರುವ ಸಾಂತ್ವನವನ್ನು ಹೇಳುತ್ತವೆ. ಫಲವು ಇಂದೇ ಮೊದಲಾಗುತ್ತದೆ, ಮುಂದೆ ಪೂರ್ಣವಾಗುತ್ತದೆ ಎಂಬ ಎರಡು ಕಾಲಗಳ ಈ ಹೆಣಿಗೆ ಕ್ರೈಸ್ತ ಭರವಸೆಯ ವಿಶೇಷ ಲಕ್ಷಣ.

ಅದೇ ಪ್ರಸಂಗದ ಆರನೆಯ ಅಧ್ಯಾಯವು ದಾನ, ಪ್ರಾರ್ಥನೆ, ಉಪವಾಸಗಳನ್ನು ಜನರ ಕಣ್ಣಿಗಾಗಿ ಮಾಡುವವರು ತಮ್ಮ ಪ್ರತಿಫಲವನ್ನು ಆಗಲೇ ಪಡೆದುಕೊಂಡುಬಿಟ್ಟಿದ್ದಾರೆ ಎಂದು ಎಚ್ಚರಿಸುತ್ತದೆ. ಲೂಕನ ಶುಭಸಂದೇಶದ ಹದಿನಾಲ್ಕನೆಯ ಅಧ್ಯಾಯವು ಔತಣಕ್ಕೆ ಮರಳಿ ಕರೆಯಬಲ್ಲ ಸಿರಿವಂತರನ್ನು ಬಿಟ್ಟು, ಮರಳಿ ಕರೆಯಲಾರದ ಬಡವರನ್ನೂ ಅಂಗವಿಕಲರನ್ನೂ ಕರೆಯಬೇಕೆಂದು ಹೇಳಿ, ಅದರ ಫಲವನ್ನು ನೀತಿವಂತರ ಪುನರುತ್ಥಾನಕ್ಕೆ ಬಿಟ್ಟುಕೊಡುತ್ತದೆ. ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಎಲ್ಲವನ್ನೂ ತೊರೆದವರಿಗೆ ನೂರ್ಮಡಿಯ ಭರವಸೆಯಿದೆ. ಆದರೆ ಆ ನೂರ್ಮಡಿಯ ಪಟ್ಟಿಯ ನಡುವೆಯೇ ಹಿಂಸೆಗಳೂ ಇರುತ್ತವೆಂದು ಹೇಳಿರುವುದನ್ನು ಓದುಗರು ಅನೇಕ ವೇಳೆ ಗಮನಿಸದೆ ಮುಂದೆ ಹೋಗುತ್ತಾರೆ.

ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಅಂತಿಮ ತೀರ್ಪಿನ ಪ್ರಸಂಗವು ಈ ಚಿಂತನೆಯ ಶಿಖರ. ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಪರದೇಶಿಗೆ ಆಶ್ರಯ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಗಳಿಗೆ ಆರೈಕೆ, ಸೆರೆಯಲ್ಲಿದ್ದವರಿಗೆ ಭೇಟಿ ಎಂಬ ಆರು ಕೆಲಸಗಳನ್ನು ಅಲ್ಲಿ ಹೆಸರಿಸಲಾಗಿದೆ. ಸತ್ತವರನ್ನು ಮಣ್ಣು ಮಾಡುವುದನ್ನು ಸೇರಿಸಿ ಕಥೋಲಿಕ ಸಂಪ್ರದಾಯವು ಇವನ್ನು ಏಳು ದಯಾಕಾರ್ಯಗಳೆಂದು ಎಣಿಸುತ್ತದೆ. ಈ ಪ್ರಸಂಗದಲ್ಲಿ ನೀತಿವಂತರೇ ಆಶ್ಚರ್ಯಪಡುತ್ತಾರೆಂಬುದು ಮುಖ್ಯವಾದ ಅಂಶ. ತಾವು ಯಾವಾಗ ಪ್ರಭುವಿಗೆ ಸೇವೆ ಮಾಡಿದೆವೆಂಬುದೇ ಅವರಿಗೆ ತಿಳಿದಿಲ್ಲ. ಪ್ರತಿಫಲದ ಲೆಕ್ಕವಿಟ್ಟುಕೊಳ್ಳದೆ ಮಾಡಿದ ಕೆಲಸಕ್ಕೇ ಪ್ರತಿಫಲ ದೊರೆಯುತ್ತದೆ ಎಂಬ ಈ ನಿರೂಪಣೆಯು, ಲಾಭಕ್ಕಾಗಿ ಪುಣ್ಯ ಮಾಡುವ ಮನೋಭಾವವನ್ನು ಬುಡದಲ್ಲಿಯೇ ಕತ್ತರಿಸುತ್ತದೆ.

೩. ಕೂಲಿಯೋ, ಕೊಡುಗೆಯೋ

ಒಳ್ಳೆಯ ಕೆಲಸಕ್ಕೆ ಸ್ವರ್ಗವು ಕೂಲಿಯಾಗಿ ದೊರೆಯುತ್ತದೆಯೋ, ದೇವರ ಕೊಡುಗೆಯಾಗಿ ದೊರೆಯುತ್ತದೆಯೋ ಎಂಬ ಪ್ರಶ್ನೆ ಕ್ರೈಸ್ತ ಇತಿಹಾಸದಲ್ಲಿ ಸಭೆಗಳನ್ನೇ, ಅಂದರೆ ಚರ್ಚುಗಳನ್ನೇ, ಒಡೆದಂಥದ್ದು. ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷಿತೋಟದ ಸಾಮತಿಯಲ್ಲಿ, ಅಂದರೆ ದೃಷ್ಟಾಂತ ಕಥೆಯಲ್ಲಿ, ಮುಂಜಾನೆಯಿಂದ ಬಿಸಿಲಿನಲ್ಲಿ ದುಡಿದವನಿಗೂ ಹೊತ್ತು ಮುಳುಗುವ ಮುನ್ನ ಒಂದು ತಾಸು ದುಡಿದವನಿಗೂ ತೋಟದೊಡೆಯನು ಒಂದೇ ಕೂಲಿಯನ್ನು ಕೊಡುತ್ತಾನೆ. ಮೊದಲು ಬಂದವರ ಗೊಣಗಾಟ ಅಂಗಡಿಯ ಲೆಕ್ಕದಲ್ಲಿ ನ್ಯಾಯವಾಗಿಯೇ ಇದೆ. ಆದರೆ ಕೊನೆಗೆ ಬಂದವನ ಮನೆಯಲ್ಲಿಯೂ ಅಂದು ಒಲೆ ಉರಿಯಬೇಕಾಗಿದೆ ಎಂಬುದನ್ನು ಒಡೆಯನು ಕಾಣುತ್ತಾನೆ. ದೇವರ ನ್ಯಾಯದಲ್ಲಿ ಔದಾರ್ಯವು ಬೆರೆತಿರುವುದನ್ನು ಈ ಕಥೆ ಎತ್ತಿ ತೋರಿಸುತ್ತದೆ.

ನಾಲ್ಕು ಮತ್ತು ಐದನೆಯ ಶತಮಾನಗಳಲ್ಲಿ ಬಾಳಿದ ಸಂತ ಅಗಸ್ತೀನನು, ದೇವರು ಮನುಷ್ಯನ ಪುಣ್ಯಕ್ಕೆ ಕಿರೀಟ ತೊಡಿಸುವಾಗ ವಾಸ್ತವವಾಗಿ ತಾನೇ ಕೊಟ್ಟ ವರಗಳಿಗೆ ಕಿರೀಟ ತೊಡಿಸುತ್ತಾನೆ ಎಂಬ ಅರ್ಥದಲ್ಲಿ ಬೋಧಿಸಿದನು. ಮನುಷ್ಯನಲ್ಲಿ ಒಳಿತನ್ನು ಮಾಡುವ ಇಚ್ಛೆ ಹುಟ್ಟುವುದೂ ಅದು ಕೈಗೂಡುವುದೂ ವರಪ್ರಸಾದದಿಂದ, ಅಂದರೆ ದೇವರು ಅರ್ಹತೆಯನ್ನು ನೋಡದೆ ನೀಡುವ ನೆರವಿನಿಂದ, ಎಂಬುದು ಅವನ ನಿಲುವು. ೧೫೧೭ರ ತರುವಾಯ ಮಾರ್ಟಿನ್ ಲೂಥರನು ಮನುಷ್ಯನು ವಿಶ್ವಾಸದಿಂದ ಮಾತ್ರವೇ ನೀತಿವಂತನೆನಿಸುತ್ತಾನೆ, ಸತ್ಕಾರ್ಯಗಳು ಆ ವಿಶ್ವಾಸದಿಂದ ಕೃತಜ್ಞತೆಯಾಗಿ ಹೊಮ್ಮುತ್ತವೆ ಎಂದು ವಾದಿಸಿದನು. ಕಥೋಲಿಕ ಸಭೆಯು ೧೫೪೭ರಲ್ಲಿ ತ್ರೆಂತ್ ಮಹಾಸಭೆಯ ಆರನೆಯ ಅಧಿವೇಶನದಲ್ಲಿ ವರಪ್ರಸಾದವೇ ಮೊದಲು ಎಂಬುದನ್ನು ಒಪ್ಪಿ, ಆ ವರಪ್ರಸಾದದೊಡನೆ ಸಹಕರಿಸಿ ಮಾಡಿದ ಕಾರ್ಯಗಳಿಗೆ ನಿಜವಾದ ಮೌಲ್ಯವಿದೆ ಎಂದು ನಿರೂಪಿಸಿತು. ಈ ಬಿರುಕಿನ ಮೇಲೆ ನಾಲ್ಕೂವರೆ ಶತಮಾನ ಕಳೆದ ಬಳಿಕ, ೧೯೯೯ರ ಅಕ್ಟೋಬರ್ ೩೧ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ಕಥೋಲಿಕ ಸಭೆಗಳು ನೀತೀಕರಣದ, ಅಂದರೆ ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದರ, ಸಿದ್ಧಾಂತದ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದವು; ಮುಂದೆ ಮೆಥಡಿಸ್ಟ್ ಮತ್ತು ಸುಧಾರಿತ ಸಭೆಗಳ ವಿಶ್ವ ಸಂಘಟನೆಗಳೂ ಅದರೊಂದಿಗೆ ಸೇರಿಕೊಂಡವು. ಮನುಷ್ಯನು ದೇವರಿಗೆ ಸ್ವೀಕೃತನಾಗುವುದು ಅವನ ಅರ್ಹತೆಯಿಂದಲ್ಲ, ಕೃಪೆಯಿಂದ. ಹಾಗೆ ಸ್ವೀಕೃತನಾದವನು ಸತ್ಕಾರ್ಯಗಳಿಗೆ ಕರೆಯಲ್ಪಡುತ್ತಾನೆ ಎಂಬುದು ಆ ಘೋಷಣೆಯ ಸಾರ.

ಪೂರ್ವದ ಸಿರಿಯಾಕ್ ಸಂಪ್ರದಾಯವು ಇದೇ ವಿಷಯವನ್ನು ನ್ಯಾಯಾಲಯದ ಪರಿಭಾಷೆಯಿಂದ ಬಿಡಿಸಿ ಚಿಕಿತ್ಸೆಯ ಪರಿಭಾಷೆಯಲ್ಲಿ ಹೇಳುತ್ತದೆ. ೩೭೩ರಲ್ಲಿ ತೀರಿಕೊಂಡ ಸಂತ ಎಫ್ರೇಮನಂಥ ಕವಿ ದೇವಶಾಸ್ತ್ರಜ್ಞರ ಪರಂಪರೆಯಲ್ಲಿ ಕ್ರಿಸ್ತನು ವೈದ್ಯನಾಗಿಯೂ ಜೀವದ ಔಷಧವಾಗಿಯೂ ಕಾಣಿಸಿಕೊಳ್ಳುತ್ತಾನೆ. ಆ ದೃಷ್ಟಿಯಲ್ಲಿ ನೀತಿಯ ಬಾಳಿನ ಫಲವೆಂದರೆ ಮನುಷ್ಯನು ಗುಣವಾಗುವುದು, ದೇವರು ಸೃಷ್ಟಿಸಿದಾಗ ಉದ್ದೇಶಿಸಿದ್ದ ಸ್ವರೂಪಕ್ಕೆ ಮರಳುವುದು.

೪. ಮೂರು ಪರಂಪರೆಗಳು ಕೂಡಿದ ನೆಲ

ಮೇಲೆ ಹೇಳಿದ ಮೂರು ಧ್ವನಿಗಳೂ ನೇತ್ರಾವತಿ ಮತ್ತು ಫಲ್ಗುಣಿ ನದಿಗಳ ನಾಡಿನಲ್ಲಿ ಕೇಳಿಬರುತ್ತವೆ. ಇಲ್ಲಿನ ಕೊಂಕಣಿ ಮಾತನಾಡುವ ಕಥೋಲಿಕರ ಪೂರ್ವಜರು ಹದಿನಾರನೆಯ ಶತಮಾನದಿಂದ ಮೊದಲ್ಗೊಂಡು ಗೋವೆಯಿಂದ ಅಲೆಅಲೆಯಾಗಿ ಬಂದವರು. ಬೇಸಾಯದಲ್ಲಿ ನುರಿತ ಈ ಕುಟುಂಬಗಳಿಗೆ ಕೆಳದಿಯ ನಾಯಕರ ಆಳ್ವಿಕೆಯಲ್ಲಿ ನೆಲೆ ದೊರೆಯಿತು. ಬಂಟ್ವಾಳದ ಅಗ್ರಾರ್, ಮೊಡಂಕಾಪು, ಲೊರೆಟ್ಟೊ, ಬೊರಿಮಾರು, ಸಿದ್ಧಕಟ್ಟೆ, ವಿಟ್ಲ; ಬೆಳ್ತಂಗಡಿ, ಮಡಂತ್ಯಾರು, ವೇಣೂರು, ನಾರಾವಿ, ಉಜಿರೆ; ಮೂಡುಬಿದಿರೆ, ಅಲಂಗಾರು, ಶಿರ್ತಾಡಿ ಮೊದಲಾದ ಕಡೆಗಳಲ್ಲಿರುವ ಇಗರ್ಜಿಗಳು, ಅಂದರೆ ದೇವಾಲಯಗಳು, ಈ ಸಮುದಾಯದ ನೆಲೆಗಳನ್ನು ಗುರುತಿಸುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಕೇರಳದಿಂದ ಬಂದ ಸಿರಿಯನ್ ಕ್ರೈಸ್ತ ಕುಟುಂಬಗಳು ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ನೆಲೆಸಿ, ಮರಗೆಣಸು ಮತ್ತು ರಬ್ಬರ್ ಕೃಷಿಯಿಂದ ಬದುಕು ಕಟ್ಟಿಕೊಂಡವು. ಆ ವಿಶ್ವಾಸಿಗಳಿಗಾಗಿ ತಲಶ್ಶೇರಿ ಮಹಾಧರ್ಮಪ್ರಾಂತ್ಯದಿಂದ ಬೇರ್ಪಡಿಸಿದ ಬೆಳ್ತಂಗಡಿಯ ಸಿರೋ ಮಲಬಾರ್ ಧರ್ಮಪ್ರಾಂತ್ಯವು ೧೯೯೯ರಲ್ಲಿ ಸ್ಥಾಪನೆಯಾಯಿತು. ಧರ್ಮಪ್ರಾಂತ್ಯವೆಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಸಭೆಯ ಪ್ರದೇಶ. ಇವೆರಡರ ಜೊತೆಗೆ ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪ್ರಭಾವವೂ ಸೇರಬೇಕು. ಜರ್ಮನ್ ನಾಡಿನ ಭಕ್ತಿಪಂಥದಿಂದ ಮೂಡಿದ ಆ ಮಿಶನ್ನು ದುಡಿಮೆ, ಶಿಸ್ತು ಮತ್ತು ಶ್ರೀಗ್ರಂಥದ ಓದನ್ನು ವಿಶ್ವಾಸದ ಸಹಜ ಫಲಗಳೆಂದು ಭಾವಿಸಿತು. ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆ, ೧೮೪೭ರ ಹೊತ್ತಿಗೆ ತುಳುವಿಗೆ ಬಂದ ಹೊಸ ಒಡಂಬಡಿಕೆ, ೧೮೯೪ರಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು ಇವು ಆ ಮನೋಧರ್ಮದ ಫಲಗಳು. ಕಿಟ್ಟೆಲರ ನಿಘಂಟನ್ನು ತೆರೆಯುವವರಲ್ಲಿ ಬಹುಪಾಲು ಜನ ಕ್ರೈಸ್ತರಲ್ಲ. ಒಬ್ಬ ವಿಶ್ವಾಸಿಯ ಶ್ರದ್ಧೆಯ ಫಲವು ಅವನ ಸಭೆಯ ಎಲ್ಲೆಯನ್ನು ದಾಟಿ ಇಡೀ ನಾಡಿನ ಸ್ವತ್ತಾದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ.

೫. ಕಷ್ಟದ ಕಾಲದಲ್ಲಿ ಪ್ರತಿಫಲದ ಅರ್ಥ

ನೀತಿಗೆ ಲೌಕಿಕ ಸುಖವೇ ಪ್ರತಿಫಲವಾಗಿದ್ದಿದ್ದರೆ ಈ ಸಮುದಾಯದ ವಿಶ್ವಾಸವು ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ಮುಗಿದುಹೋಗಬೇಕಾಗಿತ್ತು. ಎರಡನೆಯ ಆಂಗ್ಲೋ ಮೈಸೂರು ಯುದ್ಧದ ಸಂದರ್ಭದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆಪಾದನೆಯ ಮೇಲೆ ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಇಗರ್ಜಿಗಳು ನೆಲಸಮವಾದವು, ಹೊಲ ಮನೆಗಳು ಕೈತಪ್ಪಿದವು, ದಾರಿಯಲ್ಲಿಯೂ ಸೆರೆಯಲ್ಲಿಯೂ ಬಹಳ ಜನ ಸತ್ತರು. ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಬದುಕುಳಿದವರು ಊರಿಗೆ ಮರಳಿ ಬಂದು, ಬೇಸಾಯವನ್ನು ಮತ್ತೆ ಹೂಡಿ, ಇಗರ್ಜಿಗಳನ್ನು ಮತ್ತೆ ಕಟ್ಟಿದರು. ಈ ನೋವಿನ ಇತಿಹಾಸವನ್ನು ಇಂದಿನ ನೆರೆಹೊರೆಯವರ ಮೇಲಿನ ದೂರಾಗಿ ಬಳಸುವುದು ಆ ಪೂರ್ವಜರ ವಿಶ್ವಾಸಕ್ಕೆ ತಕ್ಕುದಲ್ಲ. ಅವರ ಬದುಕು ಕಲಿಸುವ ಪಾಠ ಬೇರೆಯದು.

ಆಸ್ತಿ, ಕಟ್ಟಡ, ಸ್ಥಾನಮಾನಗಳೆಲ್ಲ ಹೋದ ಮೇಲೂ ಉಳಿದವು ಕೆಲವು ಇದ್ದವು. ನಾಲಿಗೆಯ ಮೇಲಿದ್ದ ಪ್ರಾರ್ಥನೆ ಉಳಿಯಿತು. ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಬೇಡುವ ಸಂಪ್ರದಾಯ ಉಳಿಯಿತು. ಸಂಜೆ ಮನೆಮಂದಿ ಕೂಡಿ ಹೇಳುವ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಉಳಿಯಿತು. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ಥಾಮಸ್ ಸ್ಟೀಫನ್ಸರು ಓವಿ ಛಂದಸ್ಸಿನಲ್ಲಿ ರಚಿಸಿ, ೧೬೧೬ರಲ್ಲಿ ರಾಚೋಲಿನಲ್ಲಿ ಮೊದಲು ಅಚ್ಚಾದ ‘ಕ್ರಿಸ್ತಪುರಾಣ’ವು ಕೈಬರಹದ ಪ್ರತಿಗಳ ಮೂಲಕ ಈ ಕುಟುಂಬಗಳ ನಡುವೆ ಬಾಳಿತು, ಅಂಥ ಹಸ್ತಪ್ರತಿಗಳ ಆಧಾರದಿಂದಲೇ ಅದು ೧೯೦೭ರಲ್ಲಿ ಮಂಗಳೂರಿನಲ್ಲಿ ಜೋಸೆಫ್ ಸಲ್ದಾನ್ಹಾರ ಸಂಪಾದಕತ್ವದಲ್ಲಿ ಮತ್ತೆ ಅಚ್ಚಾಯಿತು. ಪ್ರೇಷಿತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬನು ಕಟ್ಟಿದ್ದನ್ನು ಬೆಂಕಿ ಪರೀಕ್ಷಿಸುತ್ತದೆ, ತಾಳಿಕೊಂಡದ್ದು ಉಳಿಯುತ್ತದೆ ಎಂಬ ವಿಚಾರವಿದೆ. ಶಾಶ್ವತ ಪ್ರತಿಫಲ ಯಾವುದು, ತಾತ್ಕಾಲಿಕವಾದುದು ಯಾವುದು ಎಂಬುದನ್ನು ಹದಿನೈದು ವರ್ಷಗಳ ಸೆರೆ ಈ ಜನರಿಗೆ ತೋರಿಸಿಕೊಟ್ಟಿತು.

೬. ಹಂಚಿಕೊಂಡ ಫಲ

ಸಹೃದಯರೇ, ದೇವಶಾಸ್ತ್ರದ ತತ್ತ್ವಗಳು ಜನರ ಆಚರಣೆಗಳಲ್ಲಿ ಹೇಗೆ ಉಸಿರಾಡುತ್ತವೆ ಎಂಬುದಕ್ಕೆ ಸೆಪ್ಟೆಂಬರ್ ೮ರ ಮೊಂತಿ ಹಬ್ಬವು ಒಳ್ಳೆಯ ಉದಾಹರಣೆ. ಕನ್ಯಾಮರಿಯಮ್ಮನವರ ಜನ್ಮದಿನದ ಈ ಹಬ್ಬವನ್ನು ಬಂಟ್ವಾಳ ತಾಲೂಕಿನ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಆಶ್ರಮದೊಂದಿಗೂ, ೧೭೬೩ರ ಸುಮಾರಿಗೆ ಅಲ್ಲಿದ್ದ ಫಾದರ್ ಜೋಕಿಂ ಮಿರಾಂದರೊಂದಿಗೂ ಸಮುದಾಯದ ಪರಂಪರೆಯು ಜೋಡಿಸುತ್ತದೆ. ಒಂಬತ್ತು ದಿನಗಳ ನೊವೇನದಲ್ಲಿ, ಅಂದರೆ ನಿರಂತರ ಪ್ರಾರ್ಥನೆಯಲ್ಲಿ, ಮಕ್ಕಳು ಮಾತೆಯ ಪ್ರತಿಮೆಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಇಗರ್ಜಿಯಲ್ಲಿ ಆಶೀರ್ವದಿಸಿ ಪ್ರತಿ ಮನೆಗೂ ಹಂಚಲಾಗುತ್ತದೆ. ಮನೆಯಲ್ಲಿ ಹೊಸ ಅಕ್ಕಿಯ ಕಾಳುಗಳನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಹಿರಿಯರು ಎಲ್ಲರಿಗೂ ಕೊಡುತ್ತಾರೆ. ಮೀನು ಮಾಂಸಗಳಿಲ್ಲದ ಊಟವನ್ನು ಬಾಳೆಲೆಯಲ್ಲಿ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ದೂರದ ಊರಿನಲ್ಲಿರುವವರಿಗೂ ಹೊಸ ಕಾಳು ತಲುಪುವಂತೆ ನೋಡಿಕೊಳ್ಳುತ್ತಾರೆ. ತುಳುವರ ತೆನೆ ಹಬ್ಬ ಮತ್ತು ಹೊಸ ಅಕ್ಕಿ ಊಟಗಳಿಗೆ ತೀರ ಹತ್ತಿರವಾದ ಈ ಆಚರಣೆಯಲ್ಲಿ ಫಲದ ಕುರಿತ ಇಡೀ ಕ್ರೈಸ್ತ ಬೋಧನೆ ಅಡಕವಾಗಿದೆ. ರೈತನು ಉತ್ತು, ಬಿತ್ತಿ, ನೆಟ್ಟಿದ್ದಾನೆ. ಆದರೂ ಬೆಳೆಯನ್ನು ಅವನು ತನ್ನ ದುಡಿಮೆಯ ಕೂಲಿಯೆಂದು ನೇರವಾಗಿ ಮನೆಗೆ ಒಯ್ಯದೆ, ಮೊದಲ ತೆನೆಯನ್ನು ದೇವರ ಮುಂದಿಟ್ಟು, ಕೊಡುಗೆಯಾಗಿ ಮರಳಿ ಪಡೆದು, ಎಲ್ಲರೊಡನೆ ಹಂಚಿಕೊಳ್ಳುತ್ತಾನೆ. ಅವನ ಶ್ರಮಕ್ಕೆ ಬೆಲೆಯಿದೆ, ಕೊಡುಗೆಗೆ ಮೊದಲ ಸ್ಥಾನವಿದೆ, ಹಂಚುವುದರಲ್ಲಿ ಎರಡೂ ಸೇರಿವೆ.

ಧರ್ಮಕೇಂದ್ರವೆಂದರೆ ಒಬ್ಬ ಗುರುವಿನ ಪಾಲನೆಯಲ್ಲಿರುವ ವಿಶ್ವಾಸಿಗಳ ಊರುಮಟ್ಟದ ಸಮುದಾಯ. ಇಲ್ಲಿನ ಧರ್ಮಕೇಂದ್ರಗಳು ವಾಡೊಗಳಾಗಿ, ಅಂದರೆ ವಾರ್ಡುಗಳಾಗಿ, ವಿಂಗಡಣೆಯಾಗಿದ್ದು, ಪ್ರತಿ ವಾಡೊಗೆ ಗುರ್ಕಾರ್ ಎಂದು ಕರೆಯಲಾಗುವ ಮುಖಂಡರಿರುತ್ತಾರೆ. ಯಾರ ಮನೆಯಲ್ಲಿ ಕಾಯಿಲೆಯಿದೆ, ಯಾರ ಮನೆಯಲ್ಲಿ ಸಾವು ಸಂಭವಿಸಿದೆ, ಯಾರು ಜಗಳದಿಂದ ದೂರವಾಗಿದ್ದಾರೆ ಎಂಬುದು ಗುರ್ಕಾರರಿಗೆ ಮೊದಲು ತಿಳಿಯುತ್ತದೆ. ೧೮೩೩ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಮತ್ತು ಅವರ ಸಹಪಾಠಿಗಳು ಆರಂಭಿಸಿದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ಈ ಧರ್ಮಕೇಂದ್ರಗಳಲ್ಲಿ ಬಡ ಕುಟುಂಬಗಳಿಗೆ ನೆರವಾಗುತ್ತ ಬಂದಿದೆ; ಬಡವರ ಮನೆಗೆ ಸದಸ್ಯರು ತಾವೇ ಹೋಗಬೇಕು, ಕೊಟ್ಟದ್ದನ್ನು ಹೊರಗೆ ಹೇಳಬಾರದು ಎಂಬುದು ಅದರ ಕ್ರಮ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಪರ್ವತ ಪ್ರಸಂಗದ ಬೋಧನೆಯು ಇಲ್ಲಿ ಸಂಘಟನೆಯ ನಿಯಮವಾಗಿ ಮಾರ್ಪಟ್ಟಿದೆ.

ಸಂಸ್ಥೆಗಳ ರೂಪ ತಾಳಿದ ಫಲಗಳನ್ನೂ ಸಂಕ್ಷೇಪವಾಗಿ ನೆನೆಯಬೇಕು. ಜರ್ಮನಿಯವರಾದ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯವನ್ನು ತೆರೆದು, ೧೮೯೦ರಲ್ಲಿ ಸಮಾಜವು ಹೊರದೂಡಿದ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಲ್ಪಿಸಿದರು. ಮೊನ್ಸಿಞೊರ್ ರೇಮಂಡ್ ಮಸ್ಕರೇನಸ್ ೧೯೨೧ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಸ್ಥಾಪಿಸಿದ ಬೆಥನಿ ಧರ್ಮಭಗಿನಿಯರ ಸಂಸ್ಥೆಯು ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ತನ್ನ ಮುಖ್ಯ ಕಾಯಕವನ್ನಾಗಿ ಮಾಡಿಕೊಂಡಿತು. ಬೆಳ್ತಂಗಡಿ ತಾಲೂಕಿನ ನೆರಿಯದ ಗಂಡಿಬಾಗಿಲಿನಲ್ಲಿರುವ ಸಿಯೋನ್ ಆಶ್ರಮವು ಮನೆಯವರಿಲ್ಲದ ವೃದ್ಧರಿಗೂ ಬೀದಿಪಾಲಾದ ಮಾನಸಿಕ ಅಸ್ವಸ್ಥರಿಗೂ ನೆಲೆಯಾಗಿದೆ. ಇವುಗಳಲ್ಲಿ ಶುಶ್ರೂಷೆ ಪಡೆಯುವವರ ಜಾತಿ ಮತಗಳನ್ನು ಕೇಳದಿರುವುದು ಔದಾರ್ಯದ ಪ್ರದರ್ಶನವಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವು ಹಸಿದವನ ಗುರುತನ್ನು ಕೇಳುವುದಿಲ್ಲವೆಂಬುದೇ ಅದಕ್ಕೆ ಕಾರಣ.

೭. ಎರಡು ಆಕ್ಷೇಪಗಳು

ಪ್ರತಿಫಲದ ಆಸೆಯಿಂದ ಮಾಡಿದ ಒಳಿತು ನಿಜವಾದ ಒಳಿತೇ ಎಂಬುದು ತತ್ತ್ವಜ್ಞಾನದ ಹಳೆಯ ಆಕ್ಷೇಪ. ಈ ವಿಷಯದಲ್ಲಿ ನೆರೆಯ ಧರ್ಮಗಳ ಚಿಂತನೆಯನ್ನು ಆಲಿಸುವುದು ಉಪಯುಕ್ತ. ಹದಿನೆಂಟು ಬಸದಿಗಳ ಊರೆಂದು ಹೆಸರಾದ ಮೂಡುಬಿದಿರೆಯಲ್ಲಿಯೂ, ೧೬೦೪ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ವೇಣೂರಿನಲ್ಲಿಯೂ ಬೇರುಬಿಟ್ಟಿರುವ ಜೈನ ಧರ್ಮವು ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಬೋಧಿಸುವಾಗಲೇ, ಪುಣ್ಯವೂ ಒಂದು ಬಂಧನ, ಮೋಕ್ಷವು ಪಾಪ ಪುಣ್ಯಗಳೆರಡನ್ನೂ ಮೀರಿದ್ದು ಎಂದು ಹೇಳುತ್ತದೆ. ಭಗವದ್ಗೀತೆಯು ಫಲಾಪೇಕ್ಷೆಯಿಲ್ಲದ ಕರ್ಮವನ್ನು ಎತ್ತಿ ಹಿಡಿಯುತ್ತದೆ. ಶರಣರ ದಾಸೋಹದಲ್ಲಿ ಕೊಡುವವನ ಅಹಂಕಾರಕ್ಕೆ ಎಡೆಯಿಲ್ಲ. ಈ ದರ್ಶನಗಳ ತಾತ್ತ್ವಿಕ ನೆಲೆಗಳು ಕ್ರೈಸ್ತ ನೆಲೆಯಿಂದ ಭಿನ್ನವಾಗಿದ್ದರೂ, ಪುಣ್ಯವನ್ನು ವ್ಯಾಪಾರವಾಗಿಸಬಾರದೆಂಬ ಎಚ್ಚರದಲ್ಲಿ ಅವೆಲ್ಲವೂ ಒಂದೇ ಕಡೆ ನಿಲ್ಲುತ್ತವೆ. ಕ್ರೈಸ್ತ ಉತ್ತರದ ವಿಶೇಷವೆಂದರೆ ಅದು ಆಸೆಯನ್ನು ಅಳಿಸುವುದರ ಬದಲು ಆಸೆಯ ಗುರಿಯನ್ನು ಶುದ್ಧಗೊಳಿಸುತ್ತದೆ. ಪ್ರೀತಿಸುವವನು ಪ್ರೀತಿಪಾತ್ರರೊಡನೆ ಇರಲು ಬಯಸುವುದು ಸ್ವಾರ್ಥವೆನಿಸದ ಹಾಗೆ, ದೇವರನ್ನು ಪ್ರೀತಿಸುವವನು ದೇವರನ್ನು ಬಯಸುವುದು ಸ್ವಾರ್ಥವೆನಿಸುವುದಿಲ್ಲ. ಗಲಾತ್ಯರಿಗೆ ಬರೆದ ಪತ್ರದಲ್ಲಿ ಪೌಲನು ಪವಿತ್ರಾತ್ಮನ ಫಲವಾಗಿ ಹೆಸರಿಸುವ ಒಂಬತ್ತು ಗುಣಗಳಲ್ಲಿ ಪ್ರೀತಿ, ಸಹನೆ, ದಯೆ, ಸಂಯಮಗಳಿವೆ. ಅವುಗಳಲ್ಲಿ ಯಾವೊಂದರ ಪ್ರಯೋಜನವೂ ಆ ಗುಣವುಳ್ಳವನೊಬ್ಬನಿಗೇ ಸೀಮಿತವಾಗಿ ನಿಲ್ಲುವಂಥದ್ದಲ್ಲ.

ಎರಡನೆಯ ಆಕ್ಷೇಪವು ಸಭೆಯ ಒಳಗಿನಿಂದಲೇ ಹುಟ್ಟಿದೆ. ವಿಶ್ವಾಸವಿಟ್ಟು ಕಾಣಿಕೆ ಕೊಟ್ಟವನಿಗೆ ಹಣ, ಆರೋಗ್ಯ, ಯಶಸ್ಸುಗಳು ಖಂಡಿತವಾಗಿ ಬರುತ್ತವೆ ಎಂಬ ಐಶ್ವರ್ಯದ ಬೋಧನೆಯು ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆದು ಲೋಕದ ಅನೇಕ ಕಡೆಗಳಿಗೆ ಹಬ್ಬಿದೆ. ಯೋಬನನ್ನೂ, ಶಿಲುಬೆಯನ್ನೂ, ೧೭೮೪ರ ಸೆರೆಯನ್ನೂ ವಿವರಿಸಲಾರದ ಈ ಬೋಧನೆಯು ರೋಗಿಯ ಮೇಲೆ ರೋಗದ ಜೊತೆಗೆ ಅವಿಶ್ವಾಸದ ಕಳಂಕವನ್ನೂ ಹೊರಿಸುತ್ತದೆ. ನೀತಿಯ ಬಾಳು ಸಾಮಾನ್ಯವಾಗಿ ನೆಮ್ಮದಿಯನ್ನೂ ಜನರ ನಂಬಿಕೆಯನ್ನೂ ತರುತ್ತದೆಂಬುದು ನಿಜ. ಆದರೆ ಅವು ಬಾರದಿದ್ದಾಗಲೂ ನೀತಿಯು ನಿಷ್ಫಲವಾಗುವುದಿಲ್ಲ ಎಂಬುದೇ ಪುನರುತ್ಥಾನದ ವಿಶ್ವಾಸದ ತಿರುಳು.

೮. ವರ್ತಮಾನದ ಹೊಣೆ

ಹಿಂದಿನವರ ಫಲವನ್ನು ಹೊಗಳುವುದರಿಂದ ಇಂದಿನವರ ಕರ್ತವ್ಯ ಮುಗಿಯುವುದಿಲ್ಲ. ದುಬೈ, ಕುವೈತ್, ಮುಂಬಯಿ, ಕೆನಡಾಗಳಿಗೆ ದುಡಿಯಲು ಹೋದ ಮಕ್ಕಳ ಹಣದಿಂದ ಈ ತಾಲೂಕುಗಳಲ್ಲಿ ದೊಡ್ಡ ಮನೆಗಳು ಎದ್ದಿವೆ. ಅವುಗಳಲ್ಲಿ ಎಷ್ಟೋ ಕಡೆ ವಯಸ್ಸಾದ ತಂದೆತಾಯಿಗಳು ಇಬ್ಬರೇ, ಕೆಲವೊಮ್ಮೆ ಒಬ್ಬರೇ ಉಳಿದಿದ್ದಾರೆ. ರೋಗಿಯನ್ನು ಭೇಟಿ ಮಾಡುವುದು ದಯಾಕಾರ್ಯವೆಂದು ಎಣಿಸುವ ಧರ್ಮಕೇಂದ್ರಕ್ಕೆ ಈ ಹಿರಿಯರ ಒಂಟಿತನವು ನೀತಿಯ ಪ್ರಶ್ನೆಯಾಗಬೇಕು. ಇಗರ್ಜಿಯ ಬೆಂಚಿನಲ್ಲಿ ಒಟ್ಟಿಗೆ ಕುಳಿತವರು ಮದುವೆಯ ಮಾತು ಬಂದಾಗ ಹಳೆಯ ಜಾತಿಯ ಗೆರೆಯನ್ನು ನೆನಪಿಸಿಕೊಳ್ಳುವುದಾದರೆ, ಬಡ ಕುಟುಂಬದ ಹೆಣ್ಣಿನ ಮದುವೆಯು ಆಡಂಬರದ ಖರ್ಚಿನಿಂದ ಸಾಲದ ಹೊರೆಯಾಗುವುದಾದರೆ, ತೋಟದಲ್ಲಿ ದುಡಿಯಲು ದೂರದ ರಾಜ್ಯಗಳಿಂದ ಬಂದ ಕೂಲಿಯಾಳು ಪರದೇಶಿಯಾಗಿಯೇ ಉಳಿಯುವುದಾದರೆ, ಅಲ್ಲೆಲ್ಲ ನೀತಿಯ ಸಂಬಂಧ ಮುರಿದಿದೆ ಎಂದೇ ಅರ್ಥ. ಯಾಕೋಬನ ಪತ್ರವು ಕಾರ್ಯವಿಲ್ಲದ ವಿಶ್ವಾಸವನ್ನು ಸತ್ತದ್ದೆಂದು ಕರೆಯುತ್ತದೆ. ಅದೇ ಪತ್ರದ ಐದನೆಯ ಅಧ್ಯಾಯವು ತಡೆಹಿಡಿದ ಕೂಲಿಯ ಕೂಗು ದೇವರ ಕಿವಿಗೆ ಮುಟ್ಟುತ್ತದೆಂದು ಸಿರಿವಂತರನ್ನು ಎಚ್ಚರಿಸುತ್ತದೆ.

ಪ್ರಕಟನಾ ಗ್ರಂಥದ ಹದಿನಾಲ್ಕನೆಯ ಅಧ್ಯಾಯದಲ್ಲಿ, ಪ್ರಭುವಿನಲ್ಲಿ ಮೃತರಾದವರ ಕಾರ್ಯಗಳು ಅವರನ್ನು ಹಿಂಬಾಲಿಸಿಹೋಗುತ್ತವೆ ಎಂಬ ವಿಚಾರ ಬರುತ್ತದೆ. ನವೆಂಬರ್ ೨ರಂದು ಮೃತರ ಸ್ಮರಣೆಗಾಗಿ ಸಮಾಧಿಗಳನ್ನು ಆಶೀರ್ವದಿಸುವಾಗ ಪ್ರತಿ ಧರ್ಮಕೇಂದ್ರವೂ ಈ ವಿಶ್ವಾಸವನ್ನು ಮತ್ತೆ ಸ್ಥಿರಪಡಿಸಿಕೊಳ್ಳುತ್ತದೆ. ಕಾರ್ಯಗಳು ಸತ್ತವರ ಹಿಂದೆ ದೇವರ ಸನ್ನಿಧಿಗೆ ಹೋಗುತ್ತವೆ ಎಂಬುದು ಆ ವಿಶ್ವಾಸದ ಒಂದು ಮುಖ. ಅವೇ ಕಾರ್ಯಗಳು ಕಲಿತ ಮಗುವಿನಲ್ಲಿ, ಗುಣವಾದ ರೋಗಿಯಲ್ಲಿ, ರಾಜಿಯಾದ ನೆರೆಹೊರೆಯಲ್ಲಿ ಈ ಲೋಕದಲ್ಲಿಯೂ ಮುಂದುವರಿಯುತ್ತವೆ ಎಂಬುದು ಇನ್ನೊಂದು ಮುಖ.

ಮಾನ್ಯರೇ, ಇದುವರೆಗಿನ ವಿವೇಚನೆಯಿಂದ ಮೂರು ನಿರ್ಣಯಗಳನ್ನು ಮುಂದಿಡಬಹುದು. ಕ್ರೈಸ್ತ ವಿಶ್ವಾಸದಲ್ಲಿ ನೀತಿಯ ಪರಮ ಫಲ ದೇವರ ಸಾಮೀಪ್ಯ. ಅದನ್ನು ಯಾರೂ ದುಡಿದು ಗಳಿಸಲಾರರು, ಆದರೆ ಕೈಚಾಚಿ ಸ್ವೀಕರಿಸಬಲ್ಲರು. ಆ ಸ್ವೀಕಾರವು ನಿಜವಾಗಿದ್ದರೆ ಅದು ನಡತೆಯಲ್ಲಿ ಗುಣವಾಗಿಯೂ, ನೆರೆಯವರಿಗೆ ಅನ್ನ, ಅಕ್ಷರ, ಔಷಧಗಳಾಗಿಯೂ ಕಾಣಿಸಿಕೊಳ್ಳಲೇಬೇಕು. ಹಾಗೆ ಹಂಚಿಹೋದ ಫಲವು ಕೊಟ್ಟವನ ಹೆಸರು ಮರೆತ ಮೇಲೂ ಪಡೆದವರ ಬದುಕಿನಲ್ಲಿ ನಿಲ್ಲುವುದರಿಂದ ಅದನ್ನು ಶಾಶ್ವತವೆಂದು ಕರೆಯುವುದು ಸರಿಯಾಗುತ್ತದೆ. ಈ ಮೂರು ತಾಲೂಕುಗಳ ಕ್ರೈಸ್ತ ಸಮುದಾಯವು ತನ್ನ ಹಿರಿಯರಿಂದ ಪಡೆದ ಫಲವನ್ನು ನೆರೆಯ ಹಿಂದೂ, ಜೈನ, ಮುಸ್ಲಿಂ ಬಂಧುಗಳೊಡನೆ ಹಂಚಿಕೊಳ್ಳುತ್ತ ಬಾಳುವುದಾದರೆ, ಮುಂದಿನ ತಲೆಮಾರಿಗೆ ನೀತಿಯ ಪ್ರತಿಫಲವನ್ನು ಪ್ರತ್ಯೇಕವಾಗಿ ಬೋಧಿಸಬೇಕಾದ ಅಗತ್ಯವೇ ಕಡಿಮೆಯಾಗುತ್ತದೆ. ಆ ತಲೆಮಾರು ಅದನ್ನು ಉಂಡು, ಓದಿ, ಆರೈಕೆ ಪಡೆದು ತಾನೇ ಅರಿತುಕೊಳ್ಳುತ್ತದೆ.